ಚಾರ್ಜು ಇರುವವರೆಗಿನ ಜಾಣತನ

ಮೊದಲೆಲ್ಲ ಮಲೆನಾಡಿನ ಕಡೆಯ ಮದುವೆ, ಗೃಹಪ್ರವೇಶಗಳ ಆಮಂತ್ರಣ ಪತ್ರಿಕೆಯ ತುದಿಯಲ್ಲಿ ಸಣ್ಣ ಅಕ್ಷರಗಳ ಒಂದು ಟಿಪ್ಪಣಿ ಇರುತ್ತಿತ್ತು. ‘ಶಿವಮೊಗ್ಗದ ಕಡೆಯಿಂದ ಬರುವವರು ತೀರ್ಥಹಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಶಾಲೆಯ ಬಳಿ ಇಳಿದು, ಕೆರೆಯ ಏರಿಯ ಮೇಲೆ ಹತ್ತು ನಿಮಿಷ ನಡೆಯುವುದು’ ಎಂಬಂಥ ಒಂದೇ ವಾಕ್ಯದಲ್ಲಿ ಪ್ರಯಾಣದ ಸಮಸ್ತವೂ ಅಡಕವಾಗಿರುತ್ತಿತ್ತು. ಅದನ್ನು ಓದಿಕೊಂಡು ಹೊರಟವರು ಮುಹೂರ್ತಕ್ಕಲ್ಲದಿದ್ದರೂ ಊಟಕ್ಕಂತೂ ತಪ್ಪದೆ ತಲುಪುತ್ತಿದ್ದರು. ಈಗಿನ ಆಮಂತ್ರಣ ವಾಟ್ಸಾಪಿನಲ್ಲಿ ಬರುತ್ತದೆ; ಅದರಲ್ಲಿ ಗಣಪತಿ ಕಿವಿ ಅಲ್ಲಾಡಿಸುತ್ತಾನೆ, ಹಿನ್ನೆಲೆಯಲ್ಲಿ ನಾದಸ್ವರ ಕೇಳಿಸುತ್ತದೆ, ಕೊನೆಯಲ್ಲಿ ‘ಲೊಕೇಶನ್’ ಎಂಬ ನೀಲಿ ಅಕ್ಷರಗಳ ಸಾಲೊಂದು ಇರುತ್ತದೆ. ಅದನ್ನು ಒತ್ತಿದರೆ ಉಳಿದದ್ದನ್ನೆಲ್ಲ ಫೋನು ನೋಡಿಕೊಳ್ಳುತ್ತದೆ ಎಂಬ ಭರವಸೆಯಲ್ಲಿ ನಮ್ಮ ಮನೆಯವರು, ಮಗ, ಅತ್ತೆ ಮತ್ತು ನಾನು ಬೆಳಗಿನ ಜಾವ ಬೆಂಗಳೂರು ಬಿಟ್ಟೆವು. ಗೃಹಪ್ರವೇಶ ಇದ್ದದ್ದು ನಮ್ಮ ಮನೆಯವರ ಸೋದರಮಾವನ ಮಗನದು. ಅವರು ಬಾಲ್ಯದ ಬೇಸಿಗೆ ರಜೆಗಳನ್ನೆಲ್ಲ ಕಳೆದದ್ದು ಅದೇ ಊರಿನಲ್ಲಿ, ಅತ್ತೆಯವರಂತೂ ಹುಟ್ಟಿದ್ದೇ ಅಲ್ಲಿ. ಆದರೂ ದಾರಿಯ ವಿಷಯದಲ್ಲಿ ಆ ದಿನ ಬಾಯಿ ತೆರೆಯುವ ಅಧಿಕಾರ ಇದ್ದದ್ದು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ಫೋನಿಗೆ ಮಾತ್ರ.

ತಿಪಟೂರು ದಾಟಿದ ಮೇಲೆ ಎಳನೀರಿಗೆಂದು ಕಾರು ನಿಲ್ಲಿಸಿದ್ದು ಮೊದಲ ಎಡವಟ್ಟಿಗೆ ಕಾರಣವಾಯಿತು. ಕಾಯಿ ಕೊಚ್ಚಿಸಿ, ನೀರು ಕುಡಿದು, ಗಂಜಿಯನ್ನೂ ತಿಂದು ಮುಗಿಸಿ, ಕ್ಯೂಆರ್ ಕೋಡಿನ ಮುಂದೆ ಫೋನು ಹಿಡಿದರೆ ಪರದೆಯ ಮೇಲೆ ಚಕ್ರವೊಂದು ತಿರುಗತೊಡಗಿತು. ಹಣ ಖಾತೆಯಿಂದ ಕಡಿತವಾಗಿದೆ ಎಂದು ಬ್ಯಾಂಕಿನ ಸಂದೇಶವೇನೋ ಬಂತು. ಹಣ ಬಂದ ಕೂಡಲೇ ಕೂಗಿ ಹೇಳಬೇಕಾಗಿದ್ದ ಅಂಗಡಿಯ ಪೆಟ್ಟಿಗೆ ಮಾತ್ರ ತುಟಿ ಬಿಚ್ಚಲಿಲ್ಲ. ನಮ್ಮನ್ನು ಬಿಟ್ಟು ಹೊರಟ ಹಣ ಅವನನ್ನು ಸೇರದೆ ನಡುವೆ ಯಾವ ಲೋಕದಲ್ಲಿ ಸುತ್ತುತ್ತಿದೆಯೆಂದು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ, ಕೊಚ್ಚಿದ ಕಾಯಿಯನ್ನು ಮರಳಿ ಜೋಡಿಸಿ ಕೊಡುವಂತೆಯೂ ಇರಲಿಲ್ಲ. ಮಗನ ಫೋನಿನಲ್ಲೂ ಅದೇ ಚಕ್ರ. ತಿಂಗಳು ತಿಂಗಳು ಸಂಬಳ ಪಡೆಯುವ ಮೂವರು ವಿದ್ಯಾವಂತರು ಜೇಬು, ಪರ್ಸು, ಕಾರಿನ ಖಾನೆಗಳನ್ನೆಲ್ಲ ತಡಕಾಡಿ ಒಟ್ಟುಗೂಡಿಸಿದ್ದು ಹಳೆಯ ಟೋಲ್ ಚೀಟಿಗಳು ಮತ್ತು ಎರಡು ರೂಪಾಯಿಯ ಒಂದು ನಾಣ್ಯ. ಆಗ ಹಿಂದಿನ ಸೀಟಿನಲ್ಲಿದ್ದ ಅತ್ತೆಯವರು ಮಡಿಲಿನ ಸಂಚಿಯನ್ನು ಬಿಚ್ಚಿ, ವೀಳ್ಯದೆಲೆ, ಅಡಿಕೆ, ಸುಣ್ಣದ ಡಬ್ಬಿಗಳ ಕೆಳಗಿನಿಂದ ನಾಲ್ಕಾಗಿ ಮಡಚಿದ ನೋಟುಗಳನ್ನು ತೆಗೆದು, ‘ಚಿಲ್ಲರೆ ಇದ್ರೆ ಕೊಡಪ್ಪ’ ಎಂದು ವ್ಯವಹಾರ ಮುಗಿಸಿದರು.

2016ರಲ್ಲಿ ಯುಪಿಐ ಆರಂಭವಾದಾಗ ‘ಇದೆಲ್ಲ ನಮಗಲ್ಲ’ ಎಂದು ಮೂಗು ಮುರಿದಿದ್ದವರು ನಮ್ಮ ಮನೆಯವರೇ. ಈಗ ಅವರ ಪರ್ಸಿನಲ್ಲಿ ನೋಟಿನ ಖಾನೆ ಇದೆಯೆಂಬುದೇ ಅವರಿಗೆ ಮರೆತುಹೋಗಿದೆ. 2025ರ ಜುಲೈ ತಿಂಗಳಿನಲ್ಲಿ, ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಕಳುಹಿಸಿದ ಜಿಎಸ್‌ಟಿ ನೋಟಿಸುಗಳಿಗೆ ಹೆದರಿದ ಬೆಂಗಳೂರಿನ ಸಣ್ಣ ವ್ಯಾಪಾರಿಗಳು ಕ್ಯೂಆರ್ ಕೋಡುಗಳನ್ನು ತೆಗೆದು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದಾಗ, ಹತ್ತಿರದ ಎಟಿಎಂ ಎಲ್ಲಿದೆಯೆಂದು ನಮ್ಮ ಬಡಾವಣೆಯ ಜನ ಹುಡುಕಿದ್ದೂ ಫೋನಿನಲ್ಲಿಯೇ.

ಶಿವಮೊಗ್ಗ ಕಳೆದ ಮೇಲೆ ಗಾಜನೂರು, ಸಕ್ರೆಬೈಲು, ಮಂಡಗದ್ದೆ ಎಂದು ತುಂಗೆಯ ಪಕ್ಕದಲ್ಲಿ ಸಾಗುವ ದಾರಿಯ ಚೆಲುವನ್ನು ವರ್ಣಿಸಬಹುದಿತ್ತು. ಆದರೆ ಕಾರಿನಲ್ಲಿದ್ದವರ ಪೈಕಿ ಅದನ್ನು ನೋಡಿದವರು ಅತ್ತೆಯವರೊಬ್ಬರೇ. ಉಳಿದವರು ಪರದೆಯ ಮೇಲಿನ ನೀಲಿ ಗೆರೆಯನ್ನು ನೋಡುತ್ತಿದ್ದೆವು. ತೀರ್ಥಹಳ್ಳಿ ದಾಟಿ ಒಂದಷ್ಟು ದೂರ ಹೋದ ಮೇಲೆ ಫೋನು, ಇನ್ನೊಂದು ದಾರಿಯಿದೆ, ಅದರಲ್ಲಿ ಹೋದರೆ ಹನ್ನೊಂದು ನಿಮಿಷ ಉಳಿಯುತ್ತದೆ ಎಂದು ಆಸೆ ತೋರಿಸಿತು. ಬೆಳಗಿನಿಂದ ಆರೇಳು ಗಂಟೆಗಳನ್ನು ಕಾರಿನಲ್ಲಿ ಕಳೆದಿದ್ದ ನಾವು ಆ ಹನ್ನೊಂದು ನಿಮಿಷವನ್ನು ಉಳಿಸಿ ಯಾವ ನಿಧಿಗೆ ಜಮಾ ಮಾಡುವವರಿದ್ದೆವೋ ತಿಳಿಯದು, ನಮ್ಮ ಮನೆಯವರು ತಕ್ಷಣ ಒಪ್ಪಿಕೊಂಡರು. ‘ಅಲ್ಲ ಮಗಾ, ಈ ದಾರಿ...’ ಎಂದು ಅತ್ತೆಯವರು ಬಾಯಿ ತೆರೆಯುವುದಕ್ಕೂ, ‘ಮುನ್ನೂರು ಮೀಟರ್ ನಂತರ ಎಡಕ್ಕೆ ತಿರುಗಿ’ ಎಂದು ಫೋನು ಹೇಳುವುದಕ್ಕೂ ಸರಿಹೋಯಿತು. ಒಬ್ಬರು ಮಾತನಾಡುವಾಗ ನಡುವೆ ಬಾಯಿ ಹಾಕಬಾರದೆಂಬ ಹಳೆಯ ಸಂಸ್ಕಾರದವರಾದ ಅತ್ತೆಯವರು ಸುಮ್ಮನಾದರು.

ಟಾರು ರಸ್ತೆ ಜಲ್ಲಿಯಾಯಿತು, ಜಲ್ಲಿ ಮಣ್ಣಾಯಿತು, ಮಣ್ಣು ಎರಡು ಚಕ್ರದ ಗುರುತುಗಳಾಯಿತು. ಅಡಿಕೆ ತೋಟವೊಂದರ ಅಂಚಿನಲ್ಲಿ ಇಳಿದು, ಯಾರೋ ತೆರೆದಿಟ್ಟಿದ್ದ ದಣಪೆಯನ್ನು ದಾಟಿ, ಕೊನೆಗೆ ಕಾರು ಒಂದು ಮನೆಯ ಅಂಗಳದಲ್ಲಿ, ಒಣಗಲು ಹರವಿದ್ದ ಅಡಿಕೆಯ ಅಂಚಿಗೆ ಬಂದು ನಿಂತಿತು. ‘ನೇರವಾಗಿ ಮುಂದುವರಿಯಿರಿ’ ಎಂದು ಫೋನು ಆಜ್ಞಾಪಿಸಿತು. ನೇರವಾಗಿ ಮುಂದೆ ಒಂದು ಹಳ್ಳವಿತ್ತು, ಹಳ್ಳದ ಮೇಲೆ ಅಡಿಕೆ ಮರದ ದಬ್ಬೆಗಳನ್ನು ಹಾಸಿ, ಕೈಹಿಡಿಗೆ ಬಿದಿರು ಕಟ್ಟಿದ್ದ ಕಾಲುಸಂಕವಿತ್ತು. ಹಳ್ಳದ ಆಚೆಯ ದಿಬ್ಬದ ಮೇಲೆ ಮಾವಿನ ತೋರಣ, ಶಾಮಿಯಾನ, ಹೊಸ ಹೆಂಚಿನ ಮನೆ, ಎಲ್ಲವೂ ಕಣ್ಣೆದುರಿಗೇ ಕಾಣುತ್ತಿದ್ದವು. ಅಷ್ಟರಲ್ಲಿ ಮೊಬೈಲಿನ ಸಿಗ್ನಲ್ ಹೋಯಿತು. ಪರದೆಯಿಂದ ರಸ್ತೆಗಳು, ಊರುಗಳು, ನದಿಗಳು ಮಾಯವಾಗಿ, ಬಿಳಿ ಹಾಳೆಯ ನಟ್ಟನಡುವೆ ಒಂದು ನೀಲಿ ಚುಕ್ಕೆ ಮಾತ್ರ ಉಳಿಯಿತು.

ಇಂಜಿನಿಯರಿಂಗ್ ಓದಿದ ಮಗನಿಗೆ ಇಂಥ ಹೊತ್ತಿನಲ್ಲಿ ವಿವರಣೆಯ ಹುಮ್ಮಸ್ಸು ಬರುತ್ತದೆ. ನಮ್ಮ ಜಾಗವನ್ನು ಕಂಡುಹಿಡಿಯುವುದು ಭೂಮಿಯಿಂದ 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳ ಸಂಕೇತಗಳಿಂದ, ಅದಕ್ಕೆ ಮೊಬೈಲ್ ಸಿಗ್ನಲ್ ಬೇಕಾಗಿಲ್ಲ. ನಕ್ಷೆಯ ಚಿತ್ರ ಮಾತ್ರ ಇಂಟರ್ನೆಟ್ಟಿನಿಂದ ಬರಬೇಕು, ಮೊದಲೇ ಇಳಿಸಿಕೊಂಡಿರದಿದ್ದರೆ ಹೀಗೆಯೇ ಆಗುತ್ತದೆ ಎಂದು ಅವನು ವಿವರಿಸಿದ. ಆ ಉಪಗ್ರಹಗಳ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ 38 ಮೈಕ್ರೋಸೆಕೆಂಡು ಮುಂದೆ ಓಡುತ್ತವಂತೆ. ಐನ್‌ಸ್ಟೈನನ ಸಾಪೇಕ್ಷತೆಯ ಲೆಕ್ಕ ಹಾಕಿ ಅದನ್ನು ತಿದ್ದದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿನಷ್ಟು ತಪ್ಪು ಬೆಳೆಯುತ್ತದಂತೆ. ಇಷ್ಟೆಲ್ಲ ತಿದ್ದುಪಡಿಗಳಾದ ಮೇಲೆ ನಾವು ಎಲ್ಲಿದ್ದೇವೆಂಬುದು ಆಕಾಶಕ್ಕೆ ಅತ್ಯಂತ ನಿಖರವಾಗಿ ಗೊತ್ತಿತ್ತು. ಅಲ್ಲಿ ಒಂದು ಹಳ್ಳವಿದೆ ಎಂಬುದಷ್ಟೇ ಗೊತ್ತಿರಲಿಲ್ಲ.

ಪರದೆಯನ್ನು ನಂಬಿ ಕಣ್ಣನ್ನು ನಂಬದಿರುವುದು ನಮ್ಮ ಮನೆಯ ಖಾಸಗಿ ಆಸ್ತಿಯಲ್ಲ ಎಂಬುದೊಂದು ಸಮಾಧಾನ. 2012ರಲ್ಲಿ ಆಸ್ಟ್ರೇಲಿಯಾದ ನಾರ್ತ್ ಸ್ಟ್ರಾಡ್‌ಬ್ರೋಕ್ ದ್ವೀಪಕ್ಕೆ ಹೊರಟಿದ್ದ ಜಪಾನಿನ ಮೂವರು ವಿದ್ಯಾರ್ಥಿಗಳು, ದಾರಿ ತೋರುವ ಯಂತ್ರ ಹೇಳಿತೆಂದು, ಇಳಿತದ ಹೊತ್ತಿನ ಸಮುದ್ರದ ಕೆಸರಿನೊಳಗೆ ಕಾರು ಇಳಿಸಿದ್ದರು. ಉಬ್ಬರ ಏರತೊಡಗಿದಾಗ ಕಾರನ್ನು ಅಲ್ಲೇ ಬಿಟ್ಟು ಹಿಂದಿರುಗಿದರು. ಎಲ್ಲ ಪ್ರಸಂಗಗಳೂ ನಗುವಂಥವಲ್ಲ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ಪ್ರವಾಹಕ್ಕೆ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯ ಮೇಲೆ ಸಾಗಿದ ಕಾರೊಂದು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು; ಸೇತುವೆ ಮುರಿದಿದ್ದ ಸಂಗತಿ ಅವರಿಗೆ ದಾರಿ ತೋರಿಸುತ್ತಿದ್ದ ನಕ್ಷೆಗೆ ತಲುಪಿರಲಿಲ್ಲ. ಆ ಸುದ್ದಿ ಓದಿದ್ದರಿಂದಲೋ ಏನೋ, ನಮ್ಮ ಮನೆಯವರು ಹಳ್ಳದ ಮುಂದೆ ಬ್ರೇಕಿನ ಮೇಲಿಟ್ಟ ಕಾಲನ್ನು ಬಹಳ ಹೊತ್ತು ತೆಗೆಯಲಿಲ್ಲ.

ಮನೆಯೊಳಗಿನಿಂದ ಅಜ್ಜಿಯೊಬ್ಬರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಅಪರಿಚಿತ ಕಾರು ಅಂಗಳಕ್ಕೆ ನುಗ್ಗಿದ ಬಗ್ಗೆ ಅವರಿಗೆ ಸಿಟ್ಟೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ‘ಒಳಗೆ ಬನ್ನಿ ಮಾರಾಯ್ರೆ, ಕಾಫಿ ಕುಡ್ಕೊಂಡು ಹೋಗಿ. ನಿಮ್ಮ ಫೋನು ಎಲ್ರನ್ನೂ ಇಲ್ಲಿಗೇ ಕಳಿಸ್ತದೆ, ನಿನ್ನೆ ಸಂಜೆ ಅಡುಗೆಯವರ ಟೆಂಪೊನೂ ಬಂದಿತ್ತು. ನಾನು ಈಗೀಗ ಡಿಕಾಕ್ಷನ್ ಹೆಚ್ಚೇ ಇಡೋದು’ ಎಂದರು. ಕಾಫಿ ಬರುವಷ್ಟರಲ್ಲಿ ಅತ್ತೆಯವರು ಕಾರಿನಿಂದ ಇಳಿದು, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿ, ಸೀರೆಯನ್ನು ಒಂದಿಷ್ಟು ಎತ್ತಿಕಟ್ಟಿ, ‘ನಾನು ಸಂಕ ದಾಟಿ ಹೋಗ್ತೇನೆ. ನೀವು ಫೋನಿನ ಸಂಗಡ ಬನ್ನಿ’ ಎಂದು ಹೊರಟೇಬಿಟ್ಟರು. ‘ಅತ್ತೆ, ನಿಮಗೆ ದಾರಿ ಗೊತ್ತಿತ್ತೇ?’ ಎಂದು ನಾನು ಕೂಗಿ ಕೇಳಿದೆ. ಬಿದಿರು ಹಿಡಿದು ಸಂಕದ ನಡುವೆ ನಿಂತು ತಿರುಗಿದ ಅವರು, ‘ನನ್ನನ್ನ್ಯಾರು ಕೇಳಿದ್ರು?’ ಎಂದರು. ರೇಷ್ಮೆ ಸೀರೆಯುಟ್ಟು ಆ ದಬ್ಬೆಗಳ ಮೇಲೆ ಹೆಜ್ಜೆಯಿಡುವ ಧೈರ್ಯ ನನಗಿರಲಿಲ್ಲವಾದ್ದರಿಂದ ನಾನು ಕಾಫಿಯ ಪಕ್ಷದಲ್ಲಿ ಉಳಿದೆ.

ಈಗ ಕಾರಿನವರು ಸುತ್ತುಹಾಕಿ ಹೋಗಬೇಕಿತ್ತು. ಅಜ್ಜಿ ದಾರಿ ಹೇಳಿದರು: ಬಂದ ದಾರಿಯಲ್ಲೇ ಹಿಂದೆ ಹೋಗಿ, ದೊಡ್ಡ ಹಲಸಿನ ಮರದ ಹತ್ತಿರ ಎಡಕ್ಕೆ ತಿರುಗಿ, ಹಾಲಿನ ಡೈರಿ ಕಳೆದು, ಭೂತನ ಕಟ್ಟೆಯ ಬಲಕ್ಕೆ ಇಳಿಯಬೇಕು. ಇಷ್ಟನ್ನು ನೆನಪಿಟ್ಟುಕೊಳ್ಳುವ ಶಕ್ತಿ ನಮ್ಮ ಮೂರು ತಲೆಗಳಲ್ಲಿ ಒಂದಕ್ಕೂ ಇರಲಿಲ್ಲ. ಫೋನಿನಲ್ಲಿ ಬರೆದುಕೊಳ್ಳೋಣವೆಂದರೆ, ದಾರಿಯುದ್ದಕ್ಕೂ ದಿಕ್ಕು ತೋರಿಸಿ ದಣಿದಿದ್ದ ಅದರ ಚಾರ್ಜು ಮುಗಿಯುತ್ತ ಬಂದಿತ್ತು. ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಬ್ಯಾಗನ್ನೂ ಸೇರಿಸಿ ಇಡೀ ಕಾರಿನಲ್ಲಿ ಒಂದು ಪೆನ್ನು ಸಿಗಲಿಲ್ಲ. ಅಜ್ಜಿಯ ಮೊಮ್ಮಗಳು ತನ್ನ ನೋಟ್‌ಬುಕ್ಕಿನ ಹಾಳೆ ಹರಿದು, ಪೆನ್ಸಿಲನ್ನೂ ಕೊಟ್ಟಳು. ಬರೆದುಕೊಂಡವರು ನಮ್ಮ ಮನೆಯವರು. ಮೊದಲ ತಿರುವಿನಲ್ಲೇ ಆ ಬರಹವನ್ನು ಅವರಿಂದಲೇ ಓದಲಾಗಲಿಲ್ಲ. 2024ರ ಜುಲೈ 19ರಂದು ಕಂಪ್ಯೂಟರುಗಳಿಗೆ ಕಾವಲಿನ ತಂತ್ರಾಂಶ ಒದಗಿಸುವ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೆಟ್ಟು ನಿಂತಾಗ, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಆ ಚೀಟಿಗಳ ಚಿತ್ರ ನೋಡಿ ಎಲ್ಲರೂ ತಂತ್ರಜ್ಞಾನದ ಸೋಲಿನ ಬಗ್ಗೆ ಮಾತನಾಡುತ್ತಿದ್ದರೆ, ಉತ್ತರಪತ್ರಿಕೆಗಳನ್ನು ತಿದ್ದಿ ನೊಂದಿರುವ ನನಗೆ ಆಶ್ಚರ್ಯವಾದದ್ದು, ಓದಲು ಬರುವಂತೆ ಬರೆಯಬಲ್ಲ ಅಷ್ಟೊಂದು ಜನ ಒಂದೇ ಕಡೆ ಇನ್ನೂ ಉಳಿದಿದ್ದಾರಲ್ಲ ಎಂದು.

ಹಲಸಿನ ಮರದ ಸಮಸ್ಯೆ ಇನ್ನೂ ಗಹನವಾಗಿತ್ತು. ಕಾಯಿಯಿಲ್ಲದ ಕಾಲದಲ್ಲಿ ಹಲಸಿನ ಮರವನ್ನು ಗುರುತಿಸುವುದು ಹೇಗೆಂಬ ಪ್ರಶ್ನೆಯನ್ನು ಮಗ ಎತ್ತಿದ. ಎಲೆಯ ಚಿತ್ರ ತೆಗೆದರೆ ಮರದ ಹೆಸರು ಹೇಳುವ ಆ್ಯಪ್ ತನ್ನಲ್ಲಿದೆ ಎಂದು ಕಾರು ನಿಲ್ಲಿಸಿ ಇಳಿದು ಚಿತ್ರವನ್ನೂ ತೆಗೆದ. ‘ಇಂಟರ್ನೆಟ್ ಸಂಪರ್ಕವಿಲ್ಲ’ ಎಂದು ಅದು ತಿಳಿಸಿತು. ಬಾಲ್ಯದಲ್ಲಿ ಇದೇ ಮರಗಳನ್ನು ಹತ್ತಿ ಬಿದ್ದಿದ್ದ ನಮ್ಮ ಮನೆಯವರು ಮೊಣಕೈಯ ಹಳೆಯ ಗಾಯದ ಕಲೆಯನ್ನೊಮ್ಮೆ, ಎದುರಿನ ಮರವನ್ನೊಮ್ಮೆ ನೋಡಿ, ‘ಇದೇ ಇರಬೇಕು’ ಎಂದರು. ಅದು ಮಾವಾಗಿತ್ತು.

ಲಂಡನ್ನಿನ ಟ್ಯಾಕ್ಸಿ ಚಾಲಕರು ಪರವಾನಗಿಗಾಗಿ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ಅವರ ಮೆದುಳಿನಲ್ಲಿ ದಾರಿಯ ನೆನಪಿಗೆ ನೆರವಾಗುವ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂತುದಿ ಉಳಿದವರದಕ್ಕಿಂತ ದೊಡ್ಡದಾಗಿರುತ್ತದೆಂದು ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಎಲೀನರ್ ಮಗ್ವಾಯರ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಅದೇ ವಿಶ್ವವಿದ್ಯಾಲಯದಿಂದ 2017ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ದಾರಿಯನ್ನು ತಾವೇ ಯೋಚಿಸಿಕೊಂಡು ಹೋಗುವವರು ಹೊಸ ಬೀದಿಗೆ ಕಾಲಿಟ್ಟಾಗ ಆ ಭಾಗ ಚುರುಕಾಗುತ್ತದೆ, ಯಂತ್ರದ ಸೂಚನೆಯನ್ನು ಪಾಲಿಸುವವರಲ್ಲಿ ಅದು ಸುಮ್ಮನಿರುತ್ತದೆ. ಇದನ್ನು ಓದಿದಂದಿನಿಂದ ನನಗೆ ಬೆಂಗಳೂರಿನ ಹಳೆಯ ಆಟೋ ಚಾಲಕರ ಮೆದುಳನ್ನು ಯಾರೂ ಅಳೆಯಲಿಲ್ಲವಲ್ಲ ಎಂಬ ವ್ಯಥೆಯಿದೆ. ಎಷ್ಟನೆಯ ಮೈನಿನ ಎಷ್ಟನೆಯ ಕ್ರಾಸು ಯಾವ ದೇವಸ್ಥಾನದ ಹಿಂದೆ ಬರುತ್ತದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದ ಆ ಮಹನೀಯರ ಜಾಗದಲ್ಲಿ ಈಗ, ನಮ್ಮ ಗೇಟಿನ ಮುಂದೆಯೇ ನಿಂತು ‘ಮೇಡಂ, ಎಲ್ಲಿದ್ದೀರಾ?’ ಎಂದು ಫೋನು ಮಾಡುವವರು ಬರುತ್ತಾರೆ. ‘ಮ್ಯಾಪಿನಲ್ಲಿರುವ ಕಡೆಯೇ’ ಎಂದು ನಾವು ಗೇಟಿನ ಒಳಗಿನಿಂದ ಉತ್ತರಿಸುತ್ತೇವೆ.

ಅಂತೂ ಹಾಲಿನ ಕ್ಯಾನು ಹೊತ್ತ ಬೈಕಿನವನೊಬ್ಬ ಕನಿಕರಪಟ್ಟು ಮುಂದೆ ಮುಂದೆ ಹೋಗಿ ದಾರಿ ತೋರಿಸಿದ್ದರಿಂದ ನಾವು ಗೃಹಪ್ರವೇಶದ ಮನೆಯನ್ನು ತಲುಪಿದೆವು. ಅತ್ತೆಯವರು ಮೊದಲ ಪಂಕ್ತಿಯಲ್ಲಿ ಕುಳಿತು, ಪಾಯಸಕ್ಕೆ ಎರಡನೆಯ ಸಲ ಎಲೆ ತೋರಿಸುತ್ತಿದ್ದರು. ನಾವು ಕುಳಿತ ಪಂಕ್ತಿಯಲ್ಲಿ ಎಡಬಲದವರೊಡನೆ ಮಾತಿಗಿಳಿದಾಗ, ಬೆಂಗಳೂರು, ಮೈಸೂರಿನಿಂದ ಬಂದ ಹೆಚ್ಚಿನವರೆಲ್ಲ ಆ ಅಜ್ಜಿಯ ಅಂಗಳವನ್ನು ನೋಡಿಕೊಂಡೇ ಬಂದವರೆಂದು ತಿಳಿಯಿತು; ಒಬ್ಬರಂತೂ ಅಲ್ಲಿಂದ ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಕೊಂಡುತಂದಿದ್ದರು, ಅದಕ್ಕೆ ಕೊಡಲು ಹಣವಿಲ್ಲದೆ ಗೃಹಪ್ರವೇಶದ ಯಜಮಾನನಲ್ಲಿ ಸಾಲ ಕೇಳುತ್ತಿದ್ದರು. ಊಟವಾದ ಮೇಲೆ ನಾಗರಿಕ ನೆಂಟರೆಲ್ಲ ಹೊಸ ಮನೆಯ ಕಟ್ಟಡವನ್ನು ನೋಡುವ ನೆಪದಲ್ಲಿ, ಎರಡು ಕಡ್ಡಿ ಸಿಗ್ನಲ್ ಸಿಗುವುದೆಂಬ ಖ್ಯಾತಿ ಪಡೆದಿದ್ದ ಅಟ್ಟದ ಮೂಲೆಯಲ್ಲಿ ಸೇರಿದ್ದರು.

ಬೆಂಗಳೂರಿಗೆ ಮರಳಿದ ಮೇಲೆ ಮಗ ಬಹಳ ಶ್ರದ್ಧೆಯಿಂದ, ಇಲ್ಲಿ ರಸ್ತೆಯಿಲ್ಲ, ಕಾಲುಸಂಕವಿದೆ ಎಂದು ಚಿತ್ರಸಮೇತ ಆ ನಕ್ಷೆಯವರಿಗೆ ದೂರು ಬರೆದ. ಕೆಲವು ವಾರಗಳ ನಂತರ, ತಮ್ಮ ಸಲಹೆಗೆ ಧನ್ಯವಾದಗಳು, ಇದನ್ನು ಖಚಿತಪಡಿಸಿಕೊಳ್ಳಲು ಸಾಧ್ಯವಾಗಲಿಲ್ಲ ಎಂಬ ಉತ್ತರ ಬಂತು. ಗೃಹಪ್ರವೇಶಕ್ಕೆ ಬರಲಾಗದಿದ್ದ ನಮ್ಮ ನಾದಿನಿ ಹೋದ ತಿಂಗಳು ಆ ಹೊಸ ಮನೆ ನೋಡಿಬರಲು ಹೊರಟಾಗ, ನಾನು ಹಲಸಿನ ಮರ, ಡೈರಿ, ಭೂತನ ಕಟ್ಟೆಗಳನ್ನು ಸವಿವರವಾಗಿ ಹೇಳತೊಡಗಿದೆ. ‘ಪರವಾಗಿಲ್ಲ ಅತ್ತಿಗೆ, ಅಣ್ಣ ಲೊಕೇಶನ್ ಕಳಿಸಿದ್ದಾನೆ’ ಎಂದು ಅವಳು ಕಾರು ಹತ್ತಿದಳು. ಅಜ್ಜಿಯ ಕಾಫಿ ಚೆನ್ನಾಗಿತ್ತಂತೆ. ಬೆಲ್ಲ ಸ್ವಲ್ಪ ಹೆಚ್ಚಾಯಿತಂತೆ.