ಲೆಕ್ಕಕ್ಕೆ ಬಾರದ ತೊಟ್ಟಿಲು

ಮೀನಿಗೆ ಪೇಟೆಯಲ್ಲಿ ಬೆಲೆ ಸಿಕ್ಕೇ ಸಿಗುತ್ತದೆ. ಆದ್ದರಿಂದ ಅದು ಮರಿಯಾಗಿದ್ದಾಗ ಬೆಳೆದ ಜಾಗಕ್ಕೂ ಬೆಲೆ ಕಟ್ಟಿದರೆ ಒಂದೇ ಮೀನನ್ನು ಎರಡು ಸಲ ಎಣಿಸಿದಂತಾಗುತ್ತದೆ ಎಂಬುದು ನಿಸರ್ಗದ ಸೇವೆಗಳಿಗೆ ಲೆಕ್ಕ ಬರೆಯುವವರ ಶಾಸ್ತ್ರ. ಸಸಿಮಡಿಯ ಬೆಲೆ ಹೇಗೂ ಕಣಕ್ಕೆ ಬಂದ ಭತ್ತದಲ್ಲೇ ಅಡಗಿದೆಯೆಂದು ಯಾವ ರೈತನೂ ಸಸಿಮಡಿಯನ್ನು ಮಾರಿಕೊಳ್ಳದಿರುವುದಕ್ಕೆ, ಪಾಪ, ಅವನು ಈ ಶಾಸ್ತ್ರ ಓದದಿರುವುದೇ ಕಾರಣ.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಸಿಗಡಿಯೂ ಓದಿಲ್ಲ. ತಾಯಿ ಸಿಗಡಿ ಕಡಲಿನಲ್ಲಿ ಮೊಟ್ಟೆಯಿಡುತ್ತದೆ; ಮರಿಗಳು ಉಬ್ಬರದ ನೀರಿನೊಡನೆ ಅಳಿವೆಗೆ ಬಂದು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಸಂದಿಯಲ್ಲಿ, ದೊಡ್ಡ ಮೀನಿನ ಬಾಯಿ ತಲುಪದ ಕಡೆ, ಕೊಳೆತ ಎಲೆಯ ಚೂರುಗಳ ನಡುವೆ ಮೇದು ಬಲಿತು ಮತ್ತೆ ಕಡಲಿಗೆ ಹೊರಡುತ್ತವೆ. ಈ ವಸತಿಗೆ ಬಾಡಿಗೆಯಿಲ್ಲ, ರಸೀದಿಯಿಲ್ಲ. ರಸೀದಿಯಿಲ್ಲದ್ದನ್ನು ಕಡತಕ್ಕೆ ಸೇರಿಸುವುದಾದರೂ ಹೇಗೆ?

ಪಂಡಿತರು ಪ್ರಯತ್ನಿಸಲಿಲ್ಲವೆಂದಲ್ಲ. ನಿಸರ್ಗದ ಸೇವೆಗಳನ್ನು ಜಗತ್ತಿನಾದ್ಯಂತ ಅಳೆದ 2005ರ ಸಹಸ್ರಮಾನದ ಪರಿಸರ ವ್ಯವಸ್ಥೆ ಮೌಲ್ಯಮಾಪನ 'ಪೋಷಕ ಸೇವೆ' ಎಂಬ ವರ್ಗವನ್ನು ಜನಪ್ರಿಯಗೊಳಿಸಿದ ಮೇಲೆ ಮರಿಗಳ ಆಸರೆಯನ್ನು ಅದರಡಿ ಹಾಕುವುದು ರೂಢಿಯಾಯಿತು; 2010ರ ಇನ್ನೊಂದು ಅಂತರರಾಷ್ಟ್ರೀಯ ಅಧ್ಯಯನ ಅದನ್ನು 'ಆವಾಸ ಸೇವೆ' ಎಂಬ ಪ್ರತ್ಯೇಕ ಕೋಣೆಗೆ ಸಾಗಿಸಿತು; 2021ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಲೆಕ್ಕಪದ್ಧತಿ 'ನಿಯಂತ್ರಣ ಮತ್ತು ನಿರ್ವಹಣೆ'ಯ ಸಾಲಿನಲ್ಲಿ ಕೂರಿಸಿತು. ಹದಿನಾರು ವರ್ಷಗಳಲ್ಲಿ ಎರಡು ವರ್ಗಾವಣೆ; ನಮ್ಮ ತಹಶೀಲ್ದಾರರೇ ವಾಸಿ. ಅಂತಿಮ ಮೊತ್ತಕ್ಕೆ ಕೂಡಿಸಬಾರದೆಂಬ ಎಚ್ಚರಿಕೆ ಮಾತ್ರ ಜೊತೆಗೇ ಬಂತು. ಮೊತ್ತ ಉಬ್ಬಬಾರದೆಂಬುದಷ್ಟೇ ಲೆಕ್ಕಿಗರ ಕಾಳಜಿ, ಅದು ನ್ಯಾಯವೂ ಹೌದು. ಆದರೆ ಮೇಜಿನ ಆಚೆ ಕೂತ ಅಧಿಕಾರಿಗಳು 'ಕೂಡಿಸಬೇಡಿ' ಎಂಬುದನ್ನು 'ಇಲ್ಲವೇ ಇಲ್ಲ' ಎಂದು ಓದಿಕೊಳ್ಳುತ್ತಾರೆ.

ಅವರ ಕಣ್ಣಿಗೆ ಇಳಿತದ ಹೊತ್ತಿನ ಕೆಸರು ಖಾಲಿ ಜಾಗ. ಇದೇ ಅಳಿವೆಯ ತದಡಿಯಲ್ಲಿ 4,000 ಮೆಗಾವಾಟ್‌ನ ಶಾಖೋತ್ಪನ್ನ ವಿದ್ಯುತ್ ಸ್ಥಾವರವೊಂದು ಬರಲಿತ್ತು. ಜನ ಬೇಡವೆಂದು ಎದ್ದು ನಿಂತರು. ಯೋಜನೆ ಹಿಂದೆ ಸರಿಯಿತು. 2024ರಲ್ಲಿ ಅದೇ ಅಳಿವೆ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎನಿಸಿ ಜಗತ್ಪ್ರಸಿದ್ಧವಾಯಿತು. ಕೆಸರಿಗೆ ಗೌರವ ಬರಬೇಕಾದರೆ ಇರಾನಿನ ಊರೊಂದರ ಹೆಸರು ಅಂಟಬೇಕಾಯಿತು.

ಸರ್ಕಾರಕ್ಕೆ ಮೀನಿನ ಮೇಲೆ ಕರುಣೆಯಿಲ್ಲವೆನ್ನಲಾಗದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳನ್ನು ದಡಕ್ಕೆ ಕಟ್ಟಿಸಿ, ಮೀನುಗಳಿಗೆ ಹೆರಿಗೆ ರಜೆಯನ್ನು ಪ್ರತಿವರ್ಷ ಮಂಜೂರು ಮಾಡುತ್ತದೆ. ಹುಟ್ಟಿದ ಮರಿಯನ್ನು ಎಲ್ಲಿ ಮಲಗಿಸಬೇಕೆಂಬ ಪ್ರಶ್ನೆ ಬೇರೆ ಇಲಾಖೆಯದು. ಕಾಂಡ್ಲಾ ಕಡಿಯಬೇಕಾಗಿ ಬಂದಾಗ ಆ ಇಲಾಖೆ ಪರಿಹಾರವಾಗಿ ಇನ್ನೆಲ್ಲಾದರೂ ಸಸಿ ನೆಡಲು ಸೂಚಿಸುತ್ತದೆ. ಮುಂದಿನ ಉಬ್ಬರದಲ್ಲಿ ಹಳೆಯ ವಿಳಾಸಕ್ಕೇ ಬಂದು ನಿಲ್ಲುವ ಸಿಗಡಿ ಮರಿಗಳಿಗೆ ಸ್ಥಳಾಂತರದ ತಿಳಿವಳಿಕೆ ಪತ್ರವನ್ನು ಯಾರು ಜಾರಿ ಮಾಡಬೇಕೆಂಬ ಬಗ್ಗೆ ಆದೇಶ ಇನ್ನೂ ಹೊರಬಿದ್ದಿಲ್ಲ.