ಪವರ್ ಬಟನ್ ಒತ್ತಿದವರು ರೆಕಾರ್ಡಿಂಗ್ ನಿಲ್ಲಿಸು ಅಂದಿಲ್ಲ

ಮನೆಯ ಕಂಪ್ಯೂಟರಿನಲ್ಲಿ ಟಿವಿ ಕಾರ್ಯಕ್ರಮವೊಂದು ರೆಕಾರ್ಡ್ ಆಗುತ್ತಿದೆ. ಅಷ್ಟರಲ್ಲಿ ಯಾರೋ ರಿಮೋಟಿನ ಪವರ್ ಬಟನ್ ಒತ್ತುತ್ತಾರೆ. ಕೆಲವು ಸಾಫ್ಟ್‌ವೇರ್‌ಗಳು ತೆಪ್ಪಗೆ ಆಫ್ ಆಗಿಬಿಡುತ್ತವೆ. ಇನ್ನು ಕೆಲವು "ರೆಕಾರ್ಡಿಂಗ್ ನಡೆಯುತ್ತಿದೆ, ಆಫ್ ಮಾಡಲೇ? ಹೌದು/ಇಲ್ಲ" ಎಂದು ಕೇಳುತ್ತವೆ. ನನ್ನ ಪ್ರಕಾರ ಎರಡೂ ತಪ್ಪು. ಬಟನ್ ಒತ್ತಿದವರಿಗೆ ಬೇಕಿರುವುದು ಪರದೆ ಕಪ್ಪಾಗಬೇಕು, ಸದ್ದು ನಿಲ್ಲಬೇಕು, ಅಷ್ಟೇ. ಅದನ್ನು ತಕ್ಷಣ ಮಾಡಿ, ರೆಕಾರ್ಡಿಂಗನ್ನು ಹಿನ್ನೆಲೆಯಲ್ಲಿ ಮುಂದುವರಿಸಿ, ಮುಗಿದ ಮೇಲೆ ತಾನಾಗಿ ಆಫ್ ಆಗಬೇಕು. "ಈಗಲೇ ನಿಲ್ಲಿಸು" ಅನ್ನುವುದು ಮೆನುವಿನಲ್ಲಿ ಬೇರೆಯೇ ಇರಲಿ. ಕೇಳಲೇಬೇಕೆಂದಿದ್ದರೆ, 30 ಸೆಕೆಂಡ್ ಉತ್ತರ ಬರದಿದ್ದಾಗ ರೆಕಾರ್ಡಿಂಗ್ ಉಳಿಯಬೇಕು. ಬಟನ್ ಒತ್ತಿದವರು ಅಷ್ಟು ಹೊತ್ತಿಗೆ ಎದ್ದು ಹೋಗಿರುತ್ತಾರೆ.

ಆಫ್ ಮಾಡು ಎಂದು ಕೇಳಿದ್ದು ಯಾರು ಎಂಬುದನ್ನು ಸಾಫ್ಟ್‌ವೇರ್ ಗುರುತಿಸಲೇಬೇಕು. ಯುಪಿಎಸ್ ಬ್ಯಾಟರಿ ಮುಗಿಯುತ್ತಿದೆ ಎಂಬ ಸೂಚನೆ ಬಂದರೆ ವಾದಕ್ಕೆ ನಿಲ್ಲಬಾರದು, ಫೈಲ್ ಮುಚ್ಚಿ ಮಲಗಬೇಕು. ಅಪ್‌ಡೇಟ್ ನಂತರದ ರೀಸ್ಟಾರ್ಟ್ ಕಾಯಬಹುದು. ಯಾರೂ ಬಳಸುತ್ತಿಲ್ಲ ಎಂಬ ಕಾರಣಕ್ಕೆ ತಾನಾಗಿ ಆಫ್ ಆಗುವುದಂತೂ ರೆಕಾರ್ಡಿಂಗ್ ಇರುವಾಗ ನಡೆಯಲೇಬಾರದು.

ಇಲ್ಲೇ ಡೆವಲಪರ್‌ಗಳು ಎಡವುವುದು. ಯಂತ್ರ ಮಲಗದಂತೆ ಕೇಳಿಕೊಳ್ಳುವ ವಿಂಡೋಸ್‌ನ ಫಂಕ್ಷನ್ ಸೆಟ್‌ಥ್ರೆಡ್‌ಎಕ್ಸಿಕ್ಯೂಷನ್‌ಸ್ಟೇಟ್ ಕರೆದರೆ ಎಲ್ಲವನ್ನೂ ತಡೆದಂತಾಯಿತು ಅಂದುಕೊಳ್ಳುತ್ತಾರೆ. ಅದು ತಡೆಯುವುದು ಬಳಕೆಯಿಲ್ಲದೆ ಬರುವ ನಿದ್ರೆಯನ್ನು ಮಾತ್ರ. ಮನುಷ್ಯರೇ ಶಟ್‌ಡೌನ್ ಆಯ್ಕೆ ಮಾಡಿದರೆ ಅದು ಲೆಕ್ಕಕ್ಕಿಲ್ಲ. ಲಿನಕ್ಸ್‌ನಲ್ಲಿ ಸರ್ವೀಸ್‌ಗಳನ್ನೂ ಶಟ್‌ಡೌನನ್ನೂ ನೋಡಿಕೊಳ್ಳುವ ಸಿಸ್ಟಮ್‌ಡಿ, ಆಫ್ ಆಗುವುದನ್ನು ತಡೆಯಲು ಪ್ರೋಗ್ರಾಂಗಳಿಗೆ ಮುಖ್ಯವಾಗಿ ಎರಡು ಬಗೆಯ ಬೀಗ ಕೊಡುತ್ತದೆ. 'ಬ್ಲಾಕ್' ಬೀಗ ಬಿಡುವವರೆಗೂ ತಡೆಯುತ್ತದೆ, ಅಧಿಕಾರವಿರುವವರು ಬಲವಂತ ಮಾಡದಿದ್ದರೆ. 'ಡಿಲೇ' ಸ್ವಲ್ಪ ಹೊತ್ತು ತಡೆಹಿಡಿಯುತ್ತದೆ, ಡೀಫಾಲ್ಟ್ ಆಗಿ 5 ಸೆಕೆಂಡ್. ನನ್ನ ಸಲಹೆ: ರೆಕಾರ್ಡಿಂಗ್ ನಡೆಯುವಷ್ಟು ಹೊತ್ತು ಬ್ಲಾಕ್, ಜೊತೆಗೆ ಫೈಲ್ ಮುಚ್ಚಲು ಡಿಲೇ, ಎರಡನ್ನೂ ಹಿಡಿದಿರಬೇಕು. ಈ ಬೀಗದ ದೊಡ್ಡ ಗುಣ, ಹಿಡಿದ ಪ್ರೋಗ್ರಾಂ ಕ್ರ್ಯಾಶ್ ಆದರೆ ಬೀಗವೂ ತಾನೇ ಬಿಟ್ಟುಹೋಗುತ್ತದೆ. ಡೇಟಾಬೇಸಿನಲ್ಲೋ ಫೈಲಿನಲ್ಲೋ "ಎಷ್ಟು ಬೀಗಗಳಿವೆ" ಎಂದು ಎಣಿಕೆ ಇಡುವ ವಿಧಾನದಲ್ಲಿ ಒಂದು ಕ್ರ್ಯಾಶ್ ಸಾಕು, ಎಣಿಕೆ ಸೊನ್ನೆಗೆ ಮರಳುವುದೇ ಇಲ್ಲ, ಯಂತ್ರ ದಿನಗಟ್ಟಲೆ ಆನ್ ಆಗಿಯೇ ಇರುತ್ತದೆ.

5 ಸೆಕೆಂಡ್ ಸಾಕೇ ಎಂಬುದು ಫೈಲಿನ ಬಗೆಯ ಮೇಲೆ ನಿಂತಿದೆ. ಸೆಕೆಂಡಿಗೆ 8 ಮೆಗಾಬಿಟ್‌ನ ಚಾನೆಲ್ ಅಂದರೆ ಸೆಕೆಂಡಿಗೆ 1 ಎಂಬಿ, ಎರಡು ಗಂಟೆಗೆ 7.2 ಜಿಬಿ. ಬಂದದ್ದನ್ನು ಬಂದಹಾಗೆ ಟಿಎಸ್ (ಟಿವಿ ಪ್ರಸಾರದಲ್ಲಿ ಬಳಸುವ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್) ಫೈಲಿಗೆ ಬರೆಯುತ್ತಿದ್ದರೆ ಬಫರಿನಲ್ಲಿರುವ ಕೆಲವು ಎಂಬಿ ಡಿಸ್ಕಿಗೆ ಇಳಿಸಿದರೆ ಮುಗಿಯಿತು. ಅದರ ಪ್ಯಾಕೆಟ್‌ಗಳು 188 ಬೈಟಿನವು, ಎಲ್ಲಿ ಕಡಿದರೂ ಅಲ್ಲಿಯವರೆಗಿನದು ನೋಡಲು ಸಿಗುತ್ತದೆ. ನೇರವಾಗಿ ಎಂಪಿ4 ಬರೆಯುವವರ ಕಥೆ ಬೇರೆ. ಅದರ ಸೂಚಿ, ಅಂದರೆ ಯಾವ ದೃಶ್ಯ ಫೈಲಿನಲ್ಲಿ ಎಲ್ಲಿದೆ ಎಂಬ ಪಟ್ಟಿ, ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುವಂಥದ್ದು. ಅದಕ್ಕೆ ಮೊದಲೇ ಕರೆಂಟ್ ಹೋದರೆ ಇಡೀ ಫೈಲ್ ತೆರೆಯುವುದಿಲ್ಲ. ಸೂಚಿಯನ್ನು ಫೈಲಿನ ತಲೆಗೆ ತರುವ ಫಾಸ್ಟ್‌ಸ್ಟಾರ್ಟ್ ಹಾಕಿದ್ದರೆ 7.2 ಜಿಬಿಯನ್ನೂ ಮತ್ತೆ ಬರೆಯಬೇಕು, ಅದು 5 ಸೆಕೆಂಡಿನ ಮಾತಲ್ಲ. ಟಿಎಸ್‌ನಲ್ಲೇ ಹಿಡಿದು, ಬಿಡುವಾದಾಗ ಪರಿವರ್ತಿಸಿಕೊಳ್ಳಿ.

ಆ ಪರಿವರ್ತನೆ, ಜಾಹೀರಾತು ಗುರುತಿಸುವಿಕೆ ಇವೆಲ್ಲ ಶಟ್‌ಡೌನ್ ತಡೆಯಬಾರದು. ಅವನ್ನು ನಾಳೆಯೂ ಮಾಡಬಹುದು, ಪ್ರಸಾರ ಮಾತ್ರ ಯಾರಿಗೂ ಕಾಯುವುದಿಲ್ಲ.

ಇನ್ನು ಮುಂದಿನ ರೆಕಾರ್ಡಿಂಗಿಗೆ ಎಚ್ಚರವಾಗುವ ವಿಷಯ. ಹತ್ತು ನಿಮಿಷದಲ್ಲಿ ಇನ್ನೊಂದು ಕಾರ್ಯಕ್ರಮ ಇದ್ದರೆ ಆಫ್ ಆಗಲೇಬಾರದು. ಕಾರಣವಿದೆ: ಸಿಸ್ಟಮ್‌ಡಿ ಒಂದು ಸರ್ವೀಸ್ ನಿಲ್ಲಲು ಸಾಮಾನ್ಯವಾಗಿ 90 ಸೆಕೆಂಡ್ ಕಾಯುತ್ತದೆ. ಯಂತ್ರ ಇನ್ನೂ ಆಫ್ ಆಗುತ್ತಿರುವಾಗಲೇ, ಅದನ್ನು ಎಬ್ಬಿಸಲು ಇಟ್ಟ ಅಲಾರಂ ಸಮಯ ದಾಟಿಬಿಟ್ಟರೆ ಮತ್ತೆ ಎಬ್ಬಿಸುವವರಿಲ್ಲ. ವಿಡಿಆರ್ ಎಂಬ ಲಿನಕ್ಸ್ ಟಿವಿ ರೆಕಾರ್ಡಿಂಗ್ ಸಾಫ್ಟ್‌ವೇರ್ ಇದಕ್ಕೆ 30 ನಿಮಿಷದ ಅಂತರವನ್ನು ಡೀಫಾಲ್ಟ್ ಆಗಿ ಇಟ್ಟಿದೆ, ಅದು ಅತಿಯಲ್ಲ. ಬೂಟ್, ಟ್ಯೂನರ್ ಡ್ರೈವರ್ ಎಲ್ಲ ಸೇರಿಸಿ, ಕಾರ್ಯಕ್ರಮಕ್ಕಿಂತ 5 ನಿಮಿಷ ಮೊದಲೇ ಏಳುವ ಹಾಗೆ ಅಲಾರಂ ಇಡಿ.

ಎಚ್ಚರವಾಗುವ ಸಮಯವನ್ನು ಇಡುವ ಲಿನಕ್ಸ್‌ನ ವೇಕ್‌ಅಲಾರ್ಮ್ ಫೈಲಿಗೆ ಹೊಸ ಸಮಯ ಬರೆಯುವ ಮೊದಲು 0 ಬರೆದು ಹಳೆಯದನ್ನು ಅಳಿಸಬೇಕು, ಇಲ್ಲದಿದ್ದರೆ ಬರೆಯಲು ಬಿಡುವುದಿಲ್ಲ. ಬರೆದ ಮೇಲೆ ಓದಿ ನೋಡಿ, ಹೊಂದದಿದ್ದರೆ ಶಟ್‌ಡೌನನ್ನೇ ರದ್ದು ಮಾಡಬೇಕು. ಈ ಒಂದು ಪರೀಕ್ಷೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ವಿಂಡೋಸ್ ಜೊತೆ ಹಂಚಿಕೊಂಡ ಯಂತ್ರದಲ್ಲಿ ಬೋರ್ಡಿನ ಗಡಿಯಾರ ಸ್ಥಳೀಯ ಸಮಯದಲ್ಲಿದ್ದರೆ ಅಲಾರಂ ಗಂಟೆಗಟ್ಟಲೆ ಆಚೀಚೆ ಆಗುತ್ತದೆ. ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಇಆರ್‌ಪಿ ಎಂಬ ವಿದ್ಯುತ್ ಉಳಿತಾಯ ಆನ್ ಇದ್ದರೆ ಪೂರ್ತಿ ಆಫ್ ಆದ ಯಂತ್ರ ಏಳದೇ ಇರಬಹುದು. ವಿಂಡೋಸ್‌ನ ವೇಕ್ ಟೈಮರ್‌ಗಳು ಕೆಲಸ ಮಾಡುವುದು ಸ್ಲೀಪ್ ಅಥವಾ ಹೈಬರ್ನೇಟ್ ಆದ ಯಂತ್ರವನ್ನು ಎಬ್ಬಿಸಲು, ಶಟ್‌ಡೌನ್ ಆದದ್ದನ್ನಲ್ಲ. ಅಲ್ಲಿ "ಆಫ್" ಅಂದರೆ ಸ್ಲೀಪ್ ಎಂದೇ ಇಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟಾಗಿಯೂ ಕರೆಂಟ್ ಹೋಗಿ ರೆಕಾರ್ಡಿಂಗ್ ಕಡಿದರೆ? ಯಂತ್ರ ಮತ್ತೆ ಎದ್ದಾಗ ಕಾರ್ಯಕ್ರಮ ಇನ್ನೂ ನಡೆಯುತ್ತಿದ್ದರೆ ಹಳೆಯ ಫೈಲಿನ ಮೇಲೆ ಬರೆಯದೆ ಹೊಸ ತುಂಡಾಗಿ ಶುರುಮಾಡಬೇಕು, ಪಟ್ಟಿಯಲ್ಲಿ ಎರಡೂ ಒಂದೇ ಹೆಸರಿನಡಿ ಕಾಣಬೇಕು, ಪಕ್ಕದಲ್ಲಿ "ಅಪೂರ್ಣ" ಎಂದಿರಬೇಕು. ಆ ಗುರುತು ನೋಡುವವರಿಗಷ್ಟೇ ಅಲ್ಲ, ಯಾವುದನ್ನು ರೆಕಾರ್ಡ್ ಮಾಡಬೇಕೆಂದು ನಿರ್ಧರಿಸುವ ಶೆಡ್ಯೂಲರ್‌ಗೂ ಬೇಕು. ನೂರರಲ್ಲಿ ನಲವತ್ತು ನಿಮಿಷ ಮಾತ್ರ ಸಿಕ್ಕಿದ್ದನ್ನು "ಈಗಾಗಲೇ ರೆಕಾರ್ಡ್ ಆಗಿದೆ" ಎಂದು ಬರೆದುಕೊಂಡರೆ, ಮರುಪ್ರಸಾರ ಬಂದಾಗ ಸಾಫ್ಟ್‌ವೇರ್ ಅದನ್ನು ನಕಲೆಂದು ತಿಳಿದು ಬಿಟ್ಟುಬಿಡುತ್ತದೆ.