ಆ ಫೈಲ್ ಕಳಿಸಿದ್ದು ನಾನಲ್ಲ

ತಮ್ಮ ಬಗ್ಗೆ ನಮ್ಮ ಆಫೀಸಿನಲ್ಲಿರುವ ಮಾಹಿತಿ ಎಲ್ಲ ಕೊಡಿ ಅಂತ ಒಬ್ಬರು ಅರ್ಜಿ ಹಾಕಿದ್ದರು. ಅವರಿಗೆ ಕೊಡುವ ಪುಟಗಳಲ್ಲಿ ಬೇರೆಯವರ ಹೆಸರು ಮುಚ್ಚೋದು ನನ್ನ ಕೆಲಸ. ಕೆಲಸ ಮುಗಿಯದ ಪ್ರತಿಯೇ ಅವರಿಗೆ ಹೋಗಿಬಿಟ್ಟಿದೆ. ಫೈಲಿನ ಹೆಸರಲ್ಲೇ ಇತ್ತು, ‘ಡ್ರಾಫ್ಟ್, ಕಳಿಸಬೇಡಿ’ ಅಂತ. ಮೇಲ್‌ನಲ್ಲೂ ಬರೆದಿದ್ದೆ. ಇನ್ನೆಲ್ಲಿ ಬರೆಯಬೇಕಿತ್ತು?

ಬೆಳಿಗ್ಗೆ 11ಕ್ಕೆ ಮೀಟಿಂಗ್‌ಗೆ ಕರೆದರು. ಹತ್ತು ಹನ್ನೆರಡು ಜನ ಕೂತಿದ್ದರು. ಮ್ಯಾನೇಜರ್ ದೊಡ್ಡ ಪರದೆ ಮೇಲೆ 47ನೇ ಪುಟ ತೆರೆದರು. ನಾನು ಹಾಕಿದ್ದ ಕಪ್ಪು ಚೌಕದ ಮೇಲೆ ನಿಧಾನವಾಗಿ ಮೌಸ್ ಎಳೆದರು. ಕಾಪಿ ಮಾಡಿದರು. ನೋಟ್‌ಪ್ಯಾಡ್ ತೆರೆದು ಪೇಸ್ಟ್ ಮಾಡಿದರು. ಅರ್ಜಿದಾರರ ಬಗ್ಗೆ ಹೇಳಿಕೆ ಕೊಟ್ಟಿದ್ದ ಸಹೋದ್ಯೋಗಿಯೊಬ್ಬರ ಹೆಸರು ಬಂತು. ಆಕೆ ನಂಬಿ ಹೇಳಿಕೊಂಡಿದ್ದ ಮಾತೂ ಬಂತು. ಅದನ್ನು ಜೋರಾಗಿ ಓದಿದರು! ಆ ಹೆಸರಿಗೂ ಅಲ್ಲಿ ಕೂತ ಅರ್ಧ ಜನಕ್ಕೂ ಏನೂ ಸಂಬಂಧ ಇರಲಿಲ್ಲ. ಓದಿ ಮುಗಿಸಿ ನನ್ನ ಕಡೆ ತಿರುಗಿದರು. “ಒಂದು ಹೆಸರು ಮುಚ್ಚೋಕೂ ಬರಲ್ವಾ ನಿಮಗೆ?”

“ಸರ್, ಅದು ಡ್ರಾಫ್ಟ್...” ಅಂದೆ. “ಕಾರಣ ಬೇಡ” ಅಂದರು. ಪಕ್ಕದಲ್ಲಿದ್ದವರು ಫೋನ್ ನೋಡುತ್ತಾ ಕೂತರು. ನನ್ನ ಜೊತೆ ರಾತ್ರಿ ಒಂಬತ್ತರವರೆಗೆ ಕೂತು ಅದೇ ಪುಟಗಳನ್ನು ನೋಡಿದವರು ಅವರು. ಒಂದು ಮಾತು ಆಡಲಿಲ್ಲ. ನನಗೆ ಕಿವಿ ಕಾದು ಹೋಯಿತು, ಗಂಟಲು ಕಟ್ಟಿತು. ಇಷ್ಟು ಹೊತ್ತಾದರೂ ಆ ನೋಟ್‌ಪ್ಯಾಡ್ ಕಣ್ಣ ಮುಂದಿಂದ ಹೋಗುತ್ತಿಲ್ಲ.

ಚೌಕ ಮೇಲೆ ಕೂತರೆ ಅಕ್ಷರ ಅಳಿಯಲ್ಲ. ಪರಿಶೀಲನೆಗೆ ಕೊಡುವ ಪ್ರತಿಯಲ್ಲಿ ಬೇಕು ಅಂತಲೇ ಹಾಗೆ ಬಿಡುತ್ತೇವೆ. ಏನು ಮುಚ್ಚಿದ್ದೇನೆ, ಸರಿಯಾಗಿ ಮುಚ್ಚಿದ್ದೇನಾ ಅಂತ ಅವರು ನೋಡಬೇಕಲ್ವಾ? ಅವರು ಒಪ್ಪಿದ ಮೇಲೆ ಅಕ್ಷರವನ್ನೇ ತೆಗೆದು ಹಾಕಿ, ಫೈಲಿನೊಳಗೆ ಅಡಗಿರುವ ಕಾಮೆಂಟು, ಹಳೆಯ ತಿದ್ದುಪಡಿ ಎಲ್ಲ ಸ್ವಚ್ಛ ಮಾಡಿ ಬೇರೆ ಪ್ರತಿ ಮಾಡುತ್ತೇನೆ. ಕಳಿಸಬೇಕಾದ್ದು ಅದನ್ನು. 2019ರಲ್ಲಿ ಅಮೆರಿಕದಲ್ಲಿ, ಟ್ರಂಪ್ ಚುನಾವಣಾ ಪ್ರಚಾರದ ಮುಖ್ಯಸ್ಥರಾಗಿದ್ದ ಪಾಲ್ ಮ್ಯಾನಫೋರ್ಟ್ ಪರ ವಕೀಲರು ಕೋರ್ಟಿಗೆ ಕೊಟ್ಟ ಕಾಗದದಲ್ಲೂ ಇದೇ ಆಗಿತ್ತು. ಪತ್ರಕರ್ತರು ಕಾಪಿ ಪೇಸ್ಟ್ ಮಾಡಿ ಓದಿಬಿಟ್ಟರು. ಆ ಉದಾಹರಣೆಯನ್ನು ಇದೇ ಮ್ಯಾನೇಜರ್‌ಗೆ ನಾನೇ ಹೇಳಿದ್ದೆ.

ಹೋಗಲಿ ಬಿಡಿ. ಅವರಿಗೂ ಒತ್ತಡ ಇತ್ತು. ಜಿಡಿಪಿಆರ್, ಅಂದರೆ ಯುರೋಪಿನ ವೈಯಕ್ತಿಕ ಮಾಹಿತಿ ರಕ್ಷಣೆ ಕಾನೂನಿನ ಪ್ರಕಾರ ಇಂಥ ಅರ್ಜಿಗೆ ಒಂದು ತಿಂಗಳೊಳಗೆ ಉತ್ತರ ಹೋಗಬೇಕು. ಕೊನೆಯ ದಿನ, ಕೈಗೆ ಸಿಕ್ಕ ಫೈಲ್ ಕಳಿಸಿದ್ದಾರೆ. ಯಾರಿಗಾದರೂ ಆಗಬಹುದು.

ಇಲ್ಲ, ಯಾಕೆ ಬಿಡಬೇಕು? ಆ ಅರ್ಜಿ ನನ್ನ ಕೈಗೆ ಬಂದಿದ್ದೇ 23ನೇ ದಿನ! ಅಲ್ಲಿವರೆಗೆ ಯಾರದೋ ಇನ್‌ಬಾಕ್ಸಿನಲ್ಲಿ ಸುಮ್ನೆ ಬಿದ್ದಿತ್ತು. 1,400 ಪುಟ. ಕೆಲಸ ಜಟಿಲವಾಗಿದ್ದರೆ ಇನ್ನೂ ಎರಡು ತಿಂಗಳು ತಗೊಳ್ಳಬಹುದು, ಮೊದಲ ತಿಂಗಳೊಳಗೆ ಅರ್ಜಿದಾರರಿಗೆ ಕಾರಣ ತಿಳಿಸಿದರೆ ಸಾಕು ಅಂದೆ. “ಬೇಡ, ಚೆನ್ನಾಗಿ ಕಾಣಲ್ಲ” ಅಂದರು. ಈಗ ಚೆನ್ನಾಗಿ ಕಾಣುತ್ತಿದೆಯಾ?

ಕಪ್ಪು ಹಚ್ಚೋದು ಅಂದರೆ ಗೋಡೆಗೆ ಸುಣ್ಣ ಹೊಡೆದಂತೆ ಅಂದುಕೊಂಡಿದ್ದಾರೆ. ಒಂದೇ ಮೇಲ್ ಇಪ್ಪತ್ತು ಕಡೆ ಉತ್ತರದ ಕೆಳಗೆ ಉತ್ತರವಾಗಿ ಬಂದಿರುತ್ತದೆ. ಹತ್ತೊಂಬತ್ತು ಕಡೆ ಮುಚ್ಚಿ ಒಂದು ಕಡೆ ಬಿಟ್ಟರೆ ಎಲ್ಲವೂ ದಂಡ. ಹೆಸರು ಮುಚ್ಚಿದರೆ ಸಾಲದು. “ಅಮ್ಮನ ಆಪರೇಷನ್ ಅಂತ ರಜೆಯಲ್ಲಿದ್ದವರು” ಅನ್ನೋ ಒಂದು ಸಾಲು ಸಾಕು, ಯಾರು ಅಂತ ಗೊತ್ತಾಗೋಕೆ. ಹಾಗಂತ ಜಾಸ್ತಿ ಮುಚ್ಚೋಕೂ ಆಗಲ್ಲ. ಅರ್ಜಿ ಹಾಕಿದವರ ಬಗ್ಗೆ ಏನು ಬರೆದಿದ್ದಾರೋ ಅದು ಅವರಿಗೆ ಸಿಗಲೇಬೇಕು. ಅದು ಅವರ ಹಕ್ಕು, ಅವರ ಮೇಲೆ ನನಗೆ ಚೂರೂ ಕೋಪ ಇಲ್ಲ. ಒಂದೊಂದು ಸಾಲಿಗೂ ಇಬ್ಬರನ್ನೂ ನೆನೆಸಿಕೊಂಡು ಕೂರುತ್ತೇನೆ ನಾನು. 47ನೇ ಪುಟಕ್ಕೇ ಅರ್ಧ ಗಂಟೆ ಕೊಟ್ಟಿದ್ದೆ.

ನನ್ನನ್ನು ಬೈದದ್ದು ಇರಲಿ. ನಾಳೆಯೂ ಹೋಗುತ್ತೇನೆ, ಅದೇ ಕುರ್ಚಿಯಲ್ಲಿ ಕೂರುತ್ತೇನೆ, ಬೇರೆ ದಾರಿ ಇಲ್ಲ. ಆದರೆ ಆ ಮೀಟಿಂಗ್ ಮುಕ್ಕಾಲು ಗಂಟೆ ನಡೆಯಿತು. ತಪ್ಪು ಯಾರದು ಅಂತ ಮಾತಾಡಿದರು. ವಕೀಲರಿಗೆ ಏನು ಹೇಳೋದು ಅಂತ ಮಾತಾಡಿದರು. ಆಕೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಯಾರ ಬಗ್ಗೆ ಹೇಳಿಕೆ ಕೊಟ್ಟರೋ ಅವರ ಕೈಗೇ ಈಗ ಆಕೆಯ ಹೆಸರು ಹೋಗಿದೆ. ಇಂಥ ಸೋರಿಕೆ ಗೊತ್ತಾದ 72 ಗಂಟೆಯೊಳಗೆ ಮಾಹಿತಿ ರಕ್ಷಣೆಯ ನಿಯಂತ್ರಣ ಪ್ರಾಧಿಕಾರಕ್ಕೆ ತಿಳಿಸಬೇಕು. ವ್ಯಕ್ತಿಗೆ ದೊಡ್ಡ ಅಪಾಯ ಇದ್ದರೆ ಅವರಿಗೂ ತಡಮಾಡದೆ ಹೇಳಬೇಕು. ಇದನ್ನೂ ಅಲ್ಲಿ ಹೇಳಿದೆ. “ಆಮೇಲೆ ನೋಡೋಣ” ಅಂದರು.

ಸಂಜೆ ಎರಡು ಸಲ ಮೇಲ್ ಮಾಡಿದೆ. ಉತ್ತರ ಇಲ್ಲ. ಈಗ ರಾತ್ರಿ 10 ಗಂಟೆ. ಇಂಥ ಕೆಲಸ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಆಕೆಗೆ ನಾನೇ ಫೋನ್ ಮಾಡಿ ಹೇಳಬಹುದಾ? ಬೆಳಿಗ್ಗೆ ಆಕೆ ಏನೂ ಗೊತ್ತಿಲ್ಲದೆ ಕೆಲಸಕ್ಕೆ ಬರುತ್ತಾರೆ.